ಸುಮ್ಮನಿದ್ದರೆ ಪಾಸು

ಬೂದು, ಇದೂ ಬೂದು, ಇದು ಸ್ವಲ್ಪ ಕಪ್ಪಿಗೆ ತಿರುಗಿದ ಬೂದು, ಪರವಾಗಿಲ್ಲ, ಮೀಟರಿನ ಒಂದು ಕಡ್ಡಿ ಪಿಸ್ಟನ್ನಿನ ಒಳಗಿನ ಬೋಳು ಗುರುತಿಗೆ, ಇನ್ನೊಂದು ಹೊರಮೈಗೆ, ಮೀಟರು ಸುಮ್ಮನಿದೆ, ಪಾಸು — ಅಲ್ಯೂಮಿನಿಯಂ ಮೇಲೆ ಆಸಿಡ್ ತೊಟ್ಟಿಯಲ್ಲಿ ಹತ್ತಿಸಿದ ಗಟ್ಟಿ ಬೂದು ಪದರ ಸರಿಯಾಗಿ ಕೂತಿದ್ದರೆ ಕರೆಂಟು ದಾಟುವುದಿಲ್ಲ, ಬೋಳು ಉಳಿದಿದ್ದರೆ ಮಾತ್ರ ಇಡೀ ಶೆಡ್ಡಿಗೆ ಕೇಳುವಂತೆ ಕೀಂ ಎನ್ನುತ್ತದೆ — ಮನೆಯಲ್ಲೂ ಎಲ್ಲಾ ಸುಮ್ಮನೆ, ಅದನ್ನು ಪಾಸು ಎನ್ನಲಾಗದು, ಅಕ್ಕ ಮಾತು ಬಿಟ್ಟು ವಾರದ ಮೇಲಾಯಿತು, ಒಂದೇ ಅಡುಗೆಮನೆ, ನನ್ನ ಡಬ್ಬಿ ಕಟ್ಟಿ ಬಾಗಿಲ ಬಳಿ ಕುಕ್ಕುತ್ತಾಳೆ, ಆ ಸದ್ದಿನಲ್ಲೇ ಹೇಳುವುದನ್ನೆಲ್ಲಾ ಹೇಳಿಬಿಡುತ್ತಾಳೆ — ಕಡ್ಡಿ, ಸುಮ್ಮನೆ, ಪಾಸು — ಆಸಿಡ್ ತೊಟ್ಟಿಯ ಆಚೆ ಅಕ್ಕನ ಬಗ್ಗಿದ ತಲೆ, ಕ್ಲಿಪ್ಪಿಗೆ ಪಿಸ್ಟನ್ನು ಸಿಕ್ಕಿಸುತ್ತಿದ್ದಾಳೆ, ಕ್ಲಿಪ್ಪು ಕಚ್ಚಿದಲ್ಲಿ ಪದರ ಹತ್ತುವುದಿಲ್ಲ, ಅದಕ್ಕೇ ಒಳಬದಿಗೆ ಕಚ್ಚಿಸಬೇಕು, ನನಗೆ ಕಲಿಸಿದವಳೇ ಅವಳು, ಗಟ್ಟಿಯಾಗಿ ಹಿಡಿಸೇ, ಮಗು ಕಿವಿಗೆ ಓಲೆ ಹಾಕೋ ಹಾಗೆ ಹೆದರ್ತೀಯಲ್ಲ, ಈಗ ಅವಳದೇ ಹೆಬ್ಬೆರಳ ಕೀಲು ಊದಿದೆ, ಕ್ಲಿಪ್ಪು ಅರ್ಧಕ್ಕೇ ನಿಲ್ಲುತ್ತದೆ, ಪಿಸ್ಟನ್ನು ಓಲಾಡಿ ಪಕ್ಕದ ಕ್ಲಿಪ್ಪಿಗೆ ತಾಗುತ್ತದೆ, ತಾಗಿದಲ್ಲಿ ಬೋಳು, ಹೋದ ವಾರ ಅವಳದೊಂದು ಟ್ರೇ ನಾನೇ ವಾಪಸು ಮಾಡಿದೆ, ಸೂಪರ್‌ವೈಸರ್ ಎಲ್ಲರೆದುರಿಗೇ ಅಂದ, ಇನ್ನೊಂದ್ಸಲ ಹೀಗಾದ್ರೆ ನೀವು ಬರೋದೇ ಬೇಡಮ್ಮ, ಮನೆಗೆ ಬಂದು ಅಕ್ಕ ಆಡಿದ್ದು ಇದೇ ಕೊನೆಯ ಮಾತು, ಒಂದು ಚುಕ್ಕಿ ಕಣ್ಣಿಗೆ ಬೀಳದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ — ನನ್ನದೇನೂ ಹೋಗುತ್ತಿರಲಿಲ್ಲ, ಎಲ್ಲೋ ಯಾರದೋ ಪಂಪಿನಲ್ಲಿ ಆ ಬೋಳು ಪಿಸ್ಟನ್ನು ಉಜ್ಜಿ ಉಜ್ಜಿ ಹಿಡಿದುಕೊಂಡು ನಿಲ್ಲುತ್ತಿತ್ತು, ಯಾರದೋ ತಾನೇ, ನನಗೇನೂ ಬೇಜಾರಿಲ್ಲ, ಇದೆ, ಅವಳ ಬೈಗುಳವಾದರೂ ಬೇಕಾಗಿದೆ, ಇರಲಿ — ಇದು ಅವಳ ಇವತ್ತಿನ ಟ್ರೇ, ಒಂದು ಪಿಸ್ಟನ್ನಿನ ಹೊರಮೈಯಲ್ಲಿ ಸಾಸಿವೆಯಷ್ಟು ಬಿಳುಪು, ದೀಪದ ಹೊಳಪಿರಬಹುದು, ತಿರುಗಿಸಿದೆ, ಬಿಳುಪೂ ಜೊತೆಗೇ ತಿರುಗಿತು, ಹೊಳಪಲ್ಲ, ಕಡ್ಡಿಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಊರಿದರೆ ಸಾಕು, ಮೀಟರು ಸುಮ್ಮನಿರುತ್ತದೆ, ನಾಳೆಯೂ ಅವಳು ತೊಟ್ಟಿಯಾಚೆ ಇರುತ್ತಾಳೆ, ಸಂಜೆ ಮಾತಾಡಿದರೂ ಮಾತಾಡಿಯಾಳು, ಪಕ್ಕಕ್ಕೆ, ಇನ್ನೂ ಪಕ್ಕಕ್ಕೆ — ಕೈ ಅಭ್ಯಾಸದ ಮೇಲೆ ನೇರ ಬಿಳುಪಿಗೇ ಇಳಿಯಿತು, ಕೀಂ, ತೊಟ್ಟಿಯಾಚೆ ತಲೆ ಎದ್ದಿತು, ಅಕ್ಕ ನೋಡುತ್ತಿದ್ದಾಳೆ, ನನ್ನನ್ನೇ, ಕಡ್ಡಿ ಎತ್ತಿದರೆ ಸದ್ದು ನಿಲ್ಲುತ್ತದೆ, ಎತ್ತಬೇಕು, ಊದಿದ ಹೆಬ್ಬೆರಳನ್ನು ಇನ್ನೊಂದು ಕೈಯ ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ನಿಂತಿದ್ದಾಳೆ, ಎತ್ತಬೇಕು, ಕೈ ಏಳುತ್ತಿಲ್ಲ, ಕೀಂ, ಆ ಮುಷ್ಟಿ, ಎತ್ತಬೇಕು, ಮುಷ್ಟಿ