ಬಿಳಿ ಹೂವಿನ ಬೂರುಗ

ಸಿದ್ರಾಮನಿಗೆ ಅರವತ್ತು ಹತ್ತಿರವಾದರೂ ತನ್ನ ಹೊಲದ ಬೂರುಗದ ಮರ ಹೂ ಬಿಟ್ಟದ್ದನ್ನು ಕಂಡಿರಲಿಲ್ಲ. ದೀಪಾವಳಿ ಮುಗಿದೊಡನೆ ಕುರಿ ಹೊಡೆದುಕೊಂಡು ತನ್ನೂರು ಕುರನೂರ ಬಿಟ್ಟರೆ ತಿರುಗಿ ಬರುವುದು ಮಳೆಗಾಲಕ್ಕೇ. ಈ ವರ್ಷ ಮೊಣಕಾಲು ನೋವೆಂದು ಉಳಿದ. ಮಗ ಕುರಿಗಳ ಜೊತೆ ಹೋದ.

ಮಾಘದ ಒಂದು ಬೆಳಿಗ್ಗೆ ಮರದ ಕೆಳಗೆ ಹೂ ಬಿದ್ದಿದ್ದವು. ಎಲ್ಲ ಬಿಳಿ. ಸಿದ್ರಾಮ ಒಂದನ್ನೆತ್ತಿ ತಿರುಗಿಸಿ ನೋಡಿದ. ತಾನು ಹುಟ್ಟಿದಾಗ ಇದೇ ಮರದ ಕೆಂಪು ಹೂವಿನ ಮೇಲೆ ಮಲಗಿಸಿದ್ದಾಗಿ ಅವ್ವ ಸಾಯುವತನಕ ಹೇಳುತ್ತಿದ್ದಳು.

ಸೊಸೆ ಸಾರಿಕಾ ಮೊಬೈಲಿನಲ್ಲಿ ಫೋಟೊ ತೆಗೆದು ಹುಡುಕಿದಳು. "ಮಾಮಾ, ಇದು ಬಿಳಿ ಬೂರುಗಂತರಿ. ಮೂಲ ಅಮೆರಿಕಾದ ಮಳಿ ಕಾಡಿಂದು. ಅಲ್ಲಿ ಇನ್ನೂರು ಫೂಟ್ ಬೆಳೀತೈತಂತ."

"ಮಳಿ ಕಾಡಿನ ಗಿಡ ಇಲ್ಲಿಗ್ಯಾಕ ಬರತೈತಿ? ಅವ್ವ ಸುಳ್ಳ ಹೇಳ್ಯಾಳೇನು?"

ಸಿದ್ರಾಮ ರೊಟ್ಟಿ ಅರ್ಧಕ್ಕೇ ಬಿಟ್ಟ. ಕೋಲು ಹಿಡಿದು ಸೋದರತ್ತೆ ರೇವಮ್ಮನ ಮನೆಗೆ ನಡೆದು ಬಿಳಿ ಹೂವನ್ನು ತೋರಿಸಿದ.

"ಆ ಕೆಂಪು ಹೂವಿನ ಗಿಡ ಡ್ಯಾಮಿನ ನೀರಾಗ ಹೋತು," ಎಂದಳು ರೇವಮ್ಮ. "ಆಗ ನೀ ಸಣ್ಣಾಂವ. ನಿಮ್ಮಪ್ಪ ಅದರ ಬುಡದಾಗಿನ ಬೀರೋಬನ ಕಲ್ಲ ಹೊತ್ತು ತಂದ. ದೇವರಿಗೆ ಅದಽ ಗಿಡದ ನೆಳ್ಳ ಬೇಕಂದ. ನಿನ್ನ ತಂಗಿ ಹುಟ್ಟಿದಾಗ ನವಿ ಪೇಠದ ಬಾಜಾರದಿಂದ ದಿಂಬ ತಂದಿದ್ದ, ಬೂರುಗದ ಹತ್ತೀದು. ಅದನ್ನ ಬಿಚ್ಚಿದ್ರ ನಾಕು ಬೀಜ ಸಿಕ್ಕವು. ಒಂದು ಹುಟ್ಟಿತು. ಕಲ್ಲು ಅದಽ, ಗಿಡಾನೂ ಅದಽ ಅಂದ್ರು ನಿಮ್ಮಪ್ಪ ನಿಮ್ಮವ್ವ."

"ಅದು ಬ್ಯಾರೆ ಗಿಡ ಅಂತ ಅವರಿಗೆ ಗೊತ್ತಾಗಲಿಲ್ಲೇನು?"

"ನಿನ್ನ ಹಡದ ವರ್ಷ ಬಿಟ್ರ, ಹೂ ಬಿಡೂ ಹೊತ್ತಿಗೆ ಇಬ್ರೂ ಕುರಿ ಹಿಂದ ಇರ್ತಿದ್ರು. ನಿಮ್ಮವ್ವ ಕಣ್ಣು ಹೋದಮ್ಯಾಲ ಊರಾಗ ಉಳಿದ್ಲು."

"ನೀ ನೋಡಿದ್ದಿ. ಹೇಳಬೇಕಿತ್ತಲ್ಲ ಅತ್ತಿ?"

"ಅವರು ಮಳಿಗಾಲಕ್ಕ ತಿರುಗಿ ಬಂದಾಗ ಹೇಳಾಕ ಬಂದಿದ್ದೆ. ನಿಮ್ಮಪ್ಪ ನಿನ್ನ ಈ ಹೊಲದಾಗಿನ ಗಿಡದ ಬುಡಕ ಕುಂಡ್ರಿಸಿ, ಮಗ ಇದರ ಕೆಳಗಽ ಹುಟ್ಯಾನ ಅಂತ ಮಂದಿಗೆ ಊಟಕ್ಕ ಹಾಕಾಕತ್ತಿದ್ದ. ಬಾಯಿ ಬರಲಿಲ್ಲ."

ಅವ್ವನ ಮೇಲಿನ ಸಿಟ್ಟು ಇಳಿಯಿತು. ಆದರೆ ಮನಸ್ಸು ತಿಳಿಯಾಗಲಿಲ್ಲ. ಇದರ ಹೂ ಬಿಳಿ ಎಂದು ಅಪ್ಪ ತಿಳಿದೂ ಹಾಗೆಂದನೋ, ತಿಳಿಯದೆಯೋ? ಸಿದ್ರಾಮ ಮನೆಗೆ ಹೋಗದೆ ಡ್ಯಾಮಿನ ದಂಡೆಗೆ ಹೋದ. ಹಳೆಯ ಮರ ಎಲ್ಲಿತ್ತೆಂದು ಬಲೆ ಬಿಡಿಸುತ್ತಿದ್ದ ಮುದುಕನನ್ನು ಕೇಳಿದ. ಅವನು ಮೊದಲು ಮೂಡಣ ದಿಕ್ಕಿಗೆ ಕೈ ತೋರಿಸಿದ. ಸ್ವಲ್ಪ ಯೋಚಿಸಿ, ಇಲ್ಲ, ಆ ಕಡೆ ಇರಬೇಕು ಎಂದು ತೆಂಕಣಕ್ಕೆ ತಿರುಗಿದ.

ಸಿದ್ರಾಮ ಎರಡೂ ಕಡೆಯ ನೀರನ್ನೇ ನೋಡುತ್ತ ನಿಂತ. ಕರೆದೊಯ್ಯಲು ಬಂದ ಸಾರಿಕಾ ಸ್ಕೂಟಿ ತಂದು ಹಾರ್ನ್ ಹಾಕಿದ್ದು ಅವನಿಗೆ ಕೇಳಿಸಲಿಲ್ಲ.