ತಾರೀಖಿಲ್ಲದ ಸಹಿ

ಯಂಕವ್ವ ದೊಡಮನಿಯವರ ಮೀಸೆಯನ್ನು ನಾನು ಮುನ್ನೂರು ಜನರೆದುರು ಹೊಗಳಿದ್ದೇನೆ. ನಮ್ಮ ತಾಲ್ಲೂಕು ಪಂಚಾಯಿತಿಗೆ ವರ್ಷಕ್ಕೊಬ್ಬರು ಅಧ್ಯಕ್ಷರಾಗುತ್ತಿದ್ದ ಕಾಲವದು. ಕಾಲೇಜಿನ ಕನ್ನಡ ಮಾಸ್ತರನೆಂಬ ಒಂದೇ ಅಪರಾಧಕ್ಕಾಗಿ ಎಲ್ಲರ ಬಿನ್ನವತ್ತಳೆಯೂ ನನ್ನ ಪಾಲಿಗೆ ಬರುತ್ತಿತ್ತು. ಹಳೆಯದರಲ್ಲೇ ಹೆಸರು ತಿದ್ದಿ ಓದುವುದು ನನ್ನ ಸೋಮಾರಿತನದ ಕ್ರಮ. ಆ ದಿನ ಹೆಸರು ತಿದ್ದಿದೆ, ಒಳಗಿನ ಸಾಲು ಮರೆತೆ. "ತಮ್ಮ ಪೊದೆಮೀಸೆಯಷ್ಟೇ ದಟ್ಟವಾದ ಜನಾನುರಾಗಕ್ಕೆ ಪಾತ್ರರಾದವರೇ" ಎಂದು ಗಂಭೀರವಾಗಿ ಓದಿ ತಲೆಯೆತ್ತಿದೆ. ಹೊಸ ಅಧ್ಯಕ್ಷೆ ಮೇಲ್ದುಟಿಯನ್ನೊಮ್ಮೆ ಬೆರಳಿನಿಂದ ಮುಟ್ಟಿ ನೋಡಿಕೊಂಡರು.

"ಇನ್ನಾ ಬಂದಿಲ್ರಿ ಮಾಸ್ತರ. ಈ ಕುರ್ಚ್ಯಾಗ ಕುಂತ ಮ್ಯಾಲ ಬರತಾವೋ ಏನೋ."

ಅವರ ನಡಿಗೆಯನ್ನು ಕಂಡವರು ಮರೆಯಲಾರರು. ಹದಿಮೂರನೆಯ ವಯಸ್ಸಿನಿಂದ ಮಣ್ಣಿನ ಬುಟ್ಟಿ ಹೊತ್ತ ಕೊರಳು, ಬುಟ್ಟಿ ಇಳಿದ ಮೇಲೂ ಅದರ ತೂಕವನ್ನು ಮರೆತಿರಲಿಲ್ಲ. ಸರ್ಕಾರಿ ಜೀಪಿನಿಂದಿಳಿದು ಕಚೇರಿಯ ಮೆಟ್ಟಿಲೇರುವಾಗಲೂ ತಲೆಯ ಮೇಲೊಂದು ಅದೃಶ್ಯ ಭಾರವನ್ನು ಚೆಲ್ಲದಂತೆ ಒಯ್ಯುತ್ತಿರುವರೇನೋ ಎನ್ನಿಸುವ ನೇರ, ನಿಧಾನ ಗತಿ ಅವರದು. ಸಹಿ ಮಾಡುವಷ್ಟೇ ಅಕ್ಷರ ಬಲ್ಲವರಾದ್ದರಿಂದ ಯಾವ ಕಾಗದ ಬಂದರೂ ಎರಡು ಸಲ ಓದಿಸುವುದು ಅವರ ಹಟ. "ಇನ್ನೊಮ್ಮಿ ಓದ್ರಿ" ಎಂಬ ಆ ಮಾತಿಗೆ ಗುಮಾಸ್ತರು ಹಲ್ಲು ಕಡಿಯುತ್ತಿದ್ದರು.

ಮಹಿಳಾ ಸಂಘದಿಂದ ಗ್ರಾಮ ಪಂಚಾಯಿತಿಗೆ, ಅಲ್ಲಿಂದ ಮೀಸಲು ಸ್ಥಾನದ ದೆಸೆಯಿಂದ ತಾಲ್ಲೂಕಿಗೆ ಬಂದ ಈ ಹೆಂಗಸಿಗೆ ರಾಜಕೀಯದಲ್ಲಿ ಇದ್ದದ್ದು ಒಂದೇ ಕೆಲಸ. ಅವರ ಕೇರಿಗೆ ಸ್ಮಶಾನವಿರಲಿಲ್ಲ. ಸತ್ತವರನ್ನು ಹಳ್ಳದ ದಂಡೆಯಲ್ಲಿ ಹೂಳುತ್ತಿದ್ದರು. ಗಂಡ ಫಕೀರಪ್ಪನನ್ನು ಹೂತ ಎರಡನೆಯ ಮಳೆಗಾಲಕ್ಕೆ ಹಳ್ಳ ತುಂಬಿ ಬಂದು ಕುಣಿಯನ್ನೇ ತೊಳೆದುಕೊಂಡು ಹೋಯಿತು. ಬಟ್ಟೆ ಒಗೆಯಲು ಹೋದ ಯಂಕವ್ವ ಜಾಲಿಯ ಕಂಟಿಗೆ ಸಿಕ್ಕಿಕೊಂಡ ಅಂಗಿಯೊಂದನ್ನು ಕಂಡರು. ಅದರ ಗುಂಡಿಯನ್ನು ಕೆಂಪು ದಾರದಲ್ಲಿ ಹೊಲಿದವರು ಅವರೇ. ಊರ ಗೋಮಾಳದಲ್ಲಿ ಎರಡು ಎಕರೆ ಕೇರಿಯ ಹೆಣಗಳಿಗೆ ಸಿಗಬೇಕು: ಅಷ್ಟೇ ಅವರ ಪ್ರಣಾಳಿಕೆ. ಗೋಮಾಳದಲ್ಲಿ ಆಗ ನಾಡಗೌಡರ ಕಬ್ಬಿತ್ತು.

ನಾಡಗೌಡರೆಂದರೆ ಪಕ್ಷದ ಹಿರಿಯರು, ನನ್ನ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು. ಕುರ್ಚಿ ಏರುವವರು ಹಿಂದಿನ ದಿನವೇ ತಾರೀಖಿಲ್ಲದ ರಾಜೀನಾಮೆ ಬರೆದು ಅವರ ಕೈಗೊಪ್ಪಿಸುವುದು ನಮ್ಮಲ್ಲಿಯ ಪದ್ಧತಿ. ಯಂಕವ್ವನವರದನ್ನೂ ನನ್ನ ದುಂಡು ಅಕ್ಷರದಲ್ಲಿ ನಾನೇ ಬರೆದೆ. ಎರಡನೆಯ ಸಲ ಓದಿದಾಗ ಅವರು ತಡೆದರು.

"ತಾರೀಖು ಓದಲಿಲ್ಲಲ್ರಿ?"

"ಅದನ್ನ ಗೌಡ್ರು ಹಾಕ್ಕೋತಾರ."

"ಅಂದ್ರ ನಾ ಹೋಗೂ ದಿನ ನನಗ ಗೊತ್ತಿರೂದಿಲ್ಲ."

"ಯಾರಿಗೆ ಗೊತ್ತಿರತದ್ರಿ ಯಂಕವ್ವ?" ಎಂದೆ, ದೊಡ್ಡ ವೇದಾಂತಿಯಂತೆ. ಅವರು ನಕ್ಕು ಸಹಿ ಹಾಕಿದರು. ಆ ನಗೆಗೆ ನಾನು ಬೀಗಿದ್ದೆ.

ಕುರ್ಚಿ ಏರಿದ ಹನ್ನೊಂದನೆಯ ತಿಂಗಳಲ್ಲಿ, ಒಂದು ಸೋಮವಾರದ ಸಭೆಯಲ್ಲಿ, ಅವರು ಸ್ಮಶಾನದ ಠರಾವು ಮಂಡಿಸಿದರು. ನಾಡಗೌಡರ ಕಡೆಯ ಸದಸ್ಯನೊಬ್ಬ ಕೆಣಕಿದ: "ಏನವಾ, ರಸ್ತೆ ಬಿಟ್ಟು ಹೆಣದ ಚಿಂತಿ ಹಿಡೀತಲ್ಲ! ಸತ್ತಾವ್ರು ಬಂದು ಓಟು ಹಾಕ್ತಾರೇನು?"

"ಹೋದ ಸಲ ನಿಮಗ ಹಾಕ್ಯಾರಲ್ರಿ" ಎಂದರು ಯಂಕವ್ವ.

ಸಭೆ ಬಿದ್ದುಬಿದ್ದು ನಕ್ಕಿತು; ಆ ನಗೆಯ ನಡುವೆಯೇ ಕೈಗಳು ಮೇಲೆದ್ದು ಠರಾವು ಪಾಸಾಯಿತು. ಸಂಜೆ ಕೇರಿಯಲ್ಲಿ ಸಕ್ಕರೆ ಹಂಚಿದರಂತೆ.

ಮಂಗಳವಾರ ರಾಜೀನಾಮೆ ಹೊರಬಿತ್ತು. ಅದರ ಮೇಲೆ ಶನಿವಾರದ ತಾರೀಖಿತ್ತು. ಶನಿವಾರವೇ ಕುರ್ಚಿ ಬಿಟ್ಟವರು ಸೋಮವಾರ ನಡೆಸಿದ ಸಭೆ ಸಭೆಯಲ್ಲ, ಅಲ್ಲಿಯ ಠರಾವು ಠರಾವಲ್ಲ. ಯಂಕವ್ವ ದೂರು ಕೊಟ್ಟರು. ವಿಚಾರಣೆಗೆ ಜಿಲ್ಲೆಯಿಂದ ಬಂದ ಅಧಿಕಾರಿ ನನ್ನನ್ನು ಕರೆಸಿ, ಅಕ್ಷರ ನಿಮ್ಮದೇ ಎಂದು ಕೇಳಿದ. ಹೌದೆಂದೆ. ಬರೆದಾಗ ತಾರೀಖು ಇತ್ತೇ? ತೆರೆದ ಬಾಗಿಲಾಚೆ ನಾಡಗೌಡರು ಕಾಲಮೇಲೆ ಕಾಲು ಹಾಕಿ ಪತ್ರಿಕೆ ಓದುತ್ತಿದ್ದರು. ಹಾಳೆ ಮಗುಚುವ ಸದ್ದು ನಿಂತಿತ್ತು. ಎದುರಿಗೆ ಯಂಕವ್ವ. ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಸತ್ಯದ ಮೇಲೆ ಪ್ರಬಂಧ ಬರೆಸಿದ ನಾನು, "ನೆನಪಿಲ್ಲ" ಎಂದೆ.

ಆ ಮಳೆಗಾಲ ಹಳ್ಳ ಮೂರು ಸಲ ಬಂತು. ಎರಡನೆಯ ಸಲ ಬಂದಾಗ ಅವರ ಅತ್ತೆಯ ಕುಣಿ ಹೋಯಿತು.

ಇಂಥವರನ್ನು ನಮ್ಮ ರಾಜಕೀಯ ಹೊರಗಿಡುವುದಿಲ್ಲ. ಹಾರ ಹಾಕಿ ಕರೆಯುತ್ತದೆ, ಜೀಪು ಕೊಡುತ್ತದೆ, ಬಿನ್ನವತ್ತಳೆಯನ್ನೂ ಓದುತ್ತದೆ. ಅವರ ಕಾಲವನ್ನು ಮಾತ್ರ ಇನ್ನೊಬ್ಬರ ಜೇಬಿನಲ್ಲಿಡುತ್ತದೆ. ಅದು ಗೊತ್ತಿದ್ದೂ, ಸಿಕ್ಕಷ್ಟು ದಿನದಲ್ಲಿ ತಮ್ಮ ಒಂದು ಕೆಲಸವನ್ನು ಹಟಹಿಡಿದು ಮಾಡಹೊರಡುವವರು ಸೋಲುವುದು ಬಹುಪಾಲು ಶತ್ರುಗಳಿಂದಲ್ಲ, ನನ್ನಂಥ ಹಿತೈಷಿಗಳಿಂದ.

ಕಳೆದ ವರ್ಷ ಸಂತೆಯಲ್ಲಿ ಸಿಕ್ಕರು. ಮತ್ತೆ ಗ್ರಾಮ ಪಂಚಾಯಿತಿ ಚುನಾವಣೆಗೆ ಅರ್ಜಿ ಹಾಕಿದ್ದರು. ಬೇಡಿಕೆ ಅದೇ ಎರಡು ಎಕರೆ. ಮೆಣಸಿನಕಾಯಿ ಆರಿಸುತ್ತಿದ್ದ ಅವರೆದುರು ನಿಂತು, ವರ್ಷಗಳಿಂದ ಗಂಟಲಲ್ಲಿದ್ದುದನ್ನು ಕೇಳಿಬಿಟ್ಟೆ: "ಅವತ್ತು ನಾ ನೆನಪಿಲ್ಲ ಅಂದಾಗ ನಿಮಗ ಸಿಟ್ಟು ಬರಲಿಲ್ಲೇನ್ರಿ?"

ಅವರು ತಲೆಯೆತ್ತಲಿಲ್ಲ.

"ಸಿಟ್ಟು ಯಾಕ್ರಿ ಮಾಸ್ತರ? ನಿಮ್ಮನಿ ಹೆಣಕ್ಕ ಜಾಗಾ ಐತಿ. ನೆನಪಿಟ್ಕೊಂಡು ಏನ್ ಮಾಡ್ತೀರಿ?"