ಏಳು ಜನರ ಹಗ್ಗ

ನಾನು ಹೊಲಿಗೆ ಟೀಚರು. ಆಟಕ್ಕೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೆ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರ ಹುದ್ದೆ ಮೂರು ವರ್ಷದಿಂದ ಖಾಲಿ ಬಿದ್ದಿತ್ತು. ಕೈ ಖಾಲಿ ಇದ್ದವಳು ನಾನೊಬ್ಬಳೇ ಎಂದು ದೊಡ್ಡ ಮೇಡಂಗೆ ಅನ್ನಿಸಿತು. ನಲವತ್ತು ಲಂಗಗಳ ಅಂಚು ಬಾಕಿ ಇಟ್ಟುಕೊಂಡವಳ ಕೈ ಖಾಲಿಯಂತೆ! ಕೊರಳಲ್ಲಿದ್ದ ಅಳತೆ ಟೇಪಿನ ಜೊತೆ ಒಂದು ಸೀಟಿಯನ್ನೂ ನೇತುಹಾಕಿ ಕಳಿಸಿದರು.

ಶಾಲೆ ಶಾಲೆಗಳ ನಡುವಿನ ಸ್ಪರ್ಧೆಗೆ ಹಗ್ಗಜಗ್ಗಾಟ ಆರಿಸಿಕೊಂಡವಳು ನಾನೇ. ಚೆಂಡು ಬೇಡ, ಬಲೆ ಬೇಡ, ಒಂದು ಹಗ್ಗ ಇದ್ದರೆ ಸಾಕು. ಆ ಹಗ್ಗವೂ ನಮ್ಮಲ್ಲಿರಲಿಲ್ಲ. ಶಾಲೆಯ ಹಿಂದಿನ ಗೋದಾಮಿನಲ್ಲಿ ಮೂಟೆ ಹೊರುವ ಮುದುಕನೊಬ್ಬನಿದ್ದ, ಎಲ್ಲರಿಗೂ ಅವನು ಮೂಟೆ ತಾತ. ಹಗ್ಗ ಕೇಳಲು ಹೋದರೆ ಹಗ್ಗದ ಜೊತೆ ತಾನೂ ಬಂದ. ಎಂಟು ಹುಡುಗಿಯರು ಜಗ್ಗುವುದನ್ನು ಎರಡು ನಿಮಿಷ ನೋಡಿ ಹಣೆ ಹಣೆ ಚಚ್ಚಿಕೊಂಡ.

"ಎಳೆಯೋಕೆ ಕತ್ತೆಗೂ ಬರುತ್ತೆ ಕಣ್ರಮ್ಮಾ. ಜಾಗ ಕೊಡದೇ ನಿಲ್ಲೋದು ಕಲೀರಿ. ಆ ಕಡೆಯವರು ಯಾವಾಗಾದ್ರೂ ಉಸಿರು ಬಿಡಲೇಬೇಕು. ಆಗ ಒಂದೇ ಒಂದು ಹೆಜ್ಜೆ ಇಸ್ಕೊಳ್ಳಿ. ಮತ್ತೆ ನಿಲ್ಲಿ."

ಆಮೇಲೆ ಸಾಲಿನ ಕೊನೆಯಲ್ಲಿ, ಹಗ್ಗವನ್ನು ಬೆನ್ನಿಗೆ ಸುತ್ತಿಕೊಂಡು ನಿಂತಿದ್ದವಳನ್ನು ತೋರಿಸಿದ. "ಇವಳು ಗೂಟ. ಉಳಿದೋರೆಲ್ಲ ಬರೀ ಹಗ್ಗ."

ತರಗತಿಯಲ್ಲಿ ಅವಳನ್ನು ಡುಮ್ಮಿ ಅನ್ನುತ್ತಿದ್ದರು. ಬೆಂಚಿನ ತುದಿಯಲ್ಲಿ ಅರ್ಧ ಕೂತು, ಅರ್ಧ ನಿಂತು ವರ್ಷಗಳನ್ನು ಕಳೆದ ಹುಡುಗಿ. ವಯಸ್ಸು ಹದಿನಾಲ್ಕು, ತೂಕ ಎಪ್ಪತ್ತೊಂದು ಕೆಜಿ. ಗೂಟ ಅಂದಾಗ ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಅಂದಿನಿಂದ ಅವಳು ಎಲ್ಲರಿಗೂ ಗೂಟವೇ ಆದಳು.

ಎರಡು ತಿಂಗಳು ಬೆಳಗ್ಗೆ ಬೆಳಗ್ಗೆ ಗೋದಾಮಿನ ಅಂಗಳದಲ್ಲಿ ಅಭ್ಯಾಸ. ಹಮಾಲರು ಚಹಾದ ಬಿಡುವಿನಲ್ಲಿ ಗ್ಲಾಸು ಕೆಳಗಿಟ್ಟು ಆ ಕಡೆಯ ಹಗ್ಗ ಹಿಡಿಯುತ್ತಿದ್ದರು. ಮೊದಮೊದಲು ನಮಗೆ ಮಣ್ಣು ಮುಕ್ಕಿಸಲು ಇಬ್ಬರು ಸಾಕಿತ್ತು. ಕೊನೆಕೊನೆಗೆ ನಾಲ್ವರೂ ಬೆವರು ಒರೆಸಿಕೊಂಡು, "ಚಹಾ ಆರ್ತಿದೆ, ಬಿಡ್ರಮ್ಮಾ" ಎಂದು ನೆಪ ಹೇಳತೊಡಗಿದರು. ಎದುರು ಬೇಕರಿಯಾಕೆ ಬನ್ನು ಕಳಿಸಿದಳು. ಮೂಲೆಯ ಚಪ್ಪಲಿ ಹೊಲಿಯುವವನು ಹಳೆಯ ಬೂಟುಗಳಿಗೆಲ್ಲ ಗಟ್ಟಿ ಹಿಮ್ಮಡಿ ಬಡಿದುಕೊಟ್ಟ. ನಾನು ಯಾರ ಹತ್ತಿರವೂ ಕೈ ಚಾಚಿರಲಿಲ್ಲ, ಅವರಾಗಿಯೇ ಬಂದರು.

ಸ್ಪರ್ಧೆಗೆ ಹತ್ತು ದಿನ ಇರುವಾಗ ನಿಯಮಗಳ ಹಾಳೆ ಬಂತು. ತಂಡದ ಒಟ್ಟು ತೂಕ ನಾನೂರು ಕೆಜಿ ಮೀರಬಾರದು. ಗೋದಾಮಿನ ದೊಡ್ಡ ತಕ್ಕಡಿಯ ಮೇಲೆ ಎಂಟೂ ಮಂದಿಯನ್ನು ಒಟ್ಟಿಗೆ ನಿಲ್ಲಿಸಿದೆವು. ನಾನೂರ ಮೂರು ತೋರಿಸಿತು.

"ಇದಕ್ಯಾಕೆ ತಲೆ ಕೆಡಿಸ್ಕೋತೀರಿ?" ಅಂದರು ದೊಡ್ಡ ಮೇಡಂ. "ಬದಲಿ ಹುಡುಗಿ ಐವತ್ತೆರಡು ಕೆಜಿ ಇದ್ದಾಳೆ. ಅವಳನ್ನ ಹಾಕಿ, ಆ ದಪ್ಪನೆಯವಳನ್ನ ತೆಗೀರಿ."

ಉಳಿದ ಏಳು ಮಂದಿಯೂ ಬದಲಿ ಹುಡುಗಿಗಿಂತ ಹಗುರ. ಅವರಲ್ಲಿ ಯಾರ ಜಾಗಕ್ಕೆ ಅವಳನ್ನು ತಂದರೂ ತೂಕ ಏರುತ್ತಿತ್ತೇ ಹೊರತು ಇಳಿಯುತ್ತಿರಲಿಲ್ಲ. ಹಾಗಾಗಿ ಹೋಗುವುದಾದರೆ ಗೂಟವೇ ಹೋಗಬೇಕಿತ್ತು. "ಗೂಟ ಕಿತ್ತ ಮೇಲೆ ಹಗ್ಗ ಯಾತಕ್ಕೆ ಮೇಡಂ?" ಅಂದೆ. ಒಂದು ವಾರ ನೋಡೋಣ ಎಂದು ಸುಮ್ಮನಾದರು. ಎಲ್ಲಿಯ ಸುಮ್ಮನಾಗುವುದು! ನನ್ನ ಬೆನ್ನ ಹಿಂದೆ ಆ ಮಗುವನ್ನು ತಮ್ಮ ಕೋಣೆಗೆ ಕರೆಸಿ, ಮೂರು ಕೆಜಿ ಇಳಿಸದಿದ್ದರೆ ತಂಡದಲ್ಲಿ ನೀನಿಲ್ಲ ಎಂದಿದ್ದರು.

ಅದು ನನಗೆ ಗೊತ್ತಾದದ್ದು ಒಂದು ಪಿನ್ನಿನಿಂದ. ಆರನೇ ದಿನ ಗೂಟದ ಲಂಗದ ಸೊಂಟದಲ್ಲಿ ಪಿನ್ನು ಚುಚ್ಚಿದ್ದು ಕಂಡಿತು. ಆ ಸೊಂಟವನ್ನು ಬಿಚ್ಚಿ ಅಳತೆಗೆ ಸರಿಯಾಗಿ ಹೊಲಿದುಕೊಟ್ಟವಳು ನಾನೇ. ಈಗ ಅದರೊಳಗೆ ನನ್ನ ನಾಲ್ಕು ಬೆರಳು ಸಲೀಸಾಗಿ ಹೋದವು.

"ಊಟ ಮಾಡಿದ್ಯಾ?"

"ಮಾಡಿದೆ ಮಿಸ್."

"ಡಬ್ಬಿ ತೋರ್ಸು."

ಡಬ್ಬಿ ತುಂಬಿತ್ತು. ಐದು ದಿನದಿಂದ ಅಮ್ಮ ಕಟ್ಟಿಕೊಟ್ಟದ್ದನ್ನೆಲ್ಲ ಗೋದಾಮಿನ ನಾಯಿಗೆ ಹಾಕಿ, ನೀರನ್ನೂ ಗುಟುಕು ಎಣಿಸಿ ಕುಡಿಯುತ್ತಿದ್ದಳು. ಮೇಡಂ ಹೇಳಿದ್ದನ್ನು ಆಗ ಬಾಯಿಬಿಟ್ಟಳು.

"ಇನ್ನೊಂದೇ ಕೆಜಿ ಮಿಸ್. ಬಯ್ಯಬೇಡಿ. ನಂಗೆ ಬರೋದು ಇದೊಂದೇ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೇಡಂ ಮೇಲೆ ಬಂತು, ಆ ಹಾಳೆಯ ಮೇಲೆ ಬಂತು. ಐದು ದಿನ ಕಣ್ಣೆದುರೇ ಓಡಾಡಿದ ಮಗುವಿನ ಮುಖ ನೋಡದೆ ಅಂಚು ಹೊಲಿಯುತ್ತ ಕೂತ ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು. ತಂಡದವರನ್ನೆಲ್ಲ ಹೊಲಿಗೆ ಕೋಣೆಗೆ ಕರೆದು ಬಾಗಿಲು ಹಾಕಿದೆ. ಡಬ್ಬಿಯನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆ.

ನಾಯಕಿ ನಲವತ್ತಾರು ಕೆಜಿಯ ಕಡ್ಡಿ, ಎಲ್ಲರೂ ಅವಳನ್ನು ಸೂಜಿ ಅನ್ನುತ್ತಿದ್ದರು. ಎರಡು ತಿಂಗಳಲ್ಲಿ ಒಂದು ದಿನವೂ ಅಭ್ಯಾಸ ತಪ್ಪಿಸಿದವಳಲ್ಲ. ಅವಳು ಡಬ್ಬಿಯನ್ನೇ ನೋಡುತ್ತಿದ್ದಳು.

"ಎಂಟು ಜನ ಇರ್ಲೇಬೇಕು ಅಂತ ಹಾಳೇಲಿ ಬರೆದಿದ್ಯಾ ಮಿಸ್?"

ಎರಡು ಸಲ ಓದಿದೆ. ಎಂಟಕ್ಕಿಂತ ಹೆಚ್ಚಿರಬಾರದು ಎಂದಷ್ಟೇ ಇತ್ತು.

"ಹಂಗಾದ್ರೆ ನಾನು ಬಿಡ್ತೀನಿ. ಏಳು ಜನ ಎಳೀರಿ. ಏಯ್ ಗೂಟ, ಅಳೋದು ಆಮೇಲೆ, ಮೊದಲು ತಿನ್ನು."

"ನೀನಿಲ್ದೆ ಸೋಲ್ತೀವಿ ಕಣೇ," ಅಂದಳು ಗೂಟ.

"ಸೋಲ್ತೀವಿ ಬಿಡು. ನಿನ್ನನ್ನ ಉಪವಾಸ ಕೆಡವಿ ಗೆದ್ದ ಕಪ್ಪನ್ನ ತಂದು ಎಲ್ಲಿಡೋದು?"

ಉಳಿದವರೂ ತಮ್ಮ ತಮ್ಮ ಡಬ್ಬಿ ತೆರೆದರು. ಗೂಟ ತಿಂದು ಮುಗಿಸುವವರೆಗೆ ಒಬ್ಬರೂ ಮೇಲೇಳಲಿಲ್ಲ.

ಪಟ್ಟಿಗೆ ಸಹಿ ಹಾಕಬೇಕಾದವಳು ನಾನು. ಏಳು ಹೆಸರು ಬರೆದು ಹಾಕಿದೆ. ನಿಮಗೇನು ತಲೆ ಕೆಟ್ಟಿದೆಯಾ ಎಂದು ಮೇಡಂ ಕೂಗಾಡಿದರು. "ಕೆಟ್ಟಿದೆ ಮೇಡಂ. ಬೇಕಾದ್ರೆ ಸೀಟಿ ವಾಪಸ್ ತಗೊಳ್ಳಿ," ಅಂದೆ. ತಗೊಳ್ಳಲಿಲ್ಲ, ಅದನ್ನು ನೇತುಹಾಕಲು ಇನ್ನೊಂದು ಕೊರಳು ಅವರಿಗೆ ಸಿಗುತ್ತಿರಲಿಲ್ಲ.

ಸ್ಪರ್ಧೆಯ ದಿನ ಹಮಾಲರು ಕೆಲಸಕ್ಕೆ ಚಕ್ಕರ್ ಹೊಡೆದು ಲಾರಿಯಲ್ಲಿ ಬಂದಿಳಿದರು. ಬೇಕರಿ ಅಂಗಡಿಯ ಬಾಗಿಲೂ ಅಂದು ತೆರೆಯಲಿಲ್ಲ. ತೂಕ ನೋಡುವ ಅಧಿಕಾರಿ ನಮ್ಮವರನ್ನು ಎರಡು ಸಲ ಎಣಿಸಿದ. ಫೈನಲ್‌ವರೆಗೆ ಹೇಗೆ ಹೋದೆವೆಂದು ನನ್ನನ್ನು ಕೇಳಬೇಡಿ, ಅರ್ಧಕ್ಕರ್ಧ ಕಣ್ಣು ಮುಚ್ಚಿಕೊಂಡಿದ್ದೆ. ಅಲ್ಲಿ ಎದುರು ಸಾಲಿನವರು ಗೂಟವನ್ನು ನೋಡಿ, "ಎಂಟು ಜನ ಇದ್ದಾರಲ್ಲ, ಅವಳೊಬ್ಬಳೇ ಇಬ್ರು" ಎಂದು ಕಿಸಕ್ಕನೆ ನಕ್ಕರು. ಗೂಟ ಅಂಗೈಗೆ ಮಣ್ಣು ಉಜ್ಜಿಕೊಂಡು ಹಗ್ಗ ಸುತ್ತಿಕೊಂಡಳು.

ಮೂರು ಸುತ್ತು. ಮೊದಲನೆಯದರಲ್ಲಿ ಆ ಕಡೆಯವರು ಜಗ್ಗಿದರು, ಜಗ್ಗಿದರು, ನಮ್ಮವರು ಕೊಡಲಿಲ್ಲ. ಗೆರೆಯ ಪಕ್ಕದಲ್ಲಿ ಮೊಣಕಾಲೂರಿದ್ದ ಸೂಜಿ ಎದುರಾಳಿಗಳ ಎದೆಗಳನ್ನೇ ನೋಡುತ್ತಿದ್ದು, ಉಸಿರು ಬಿಟ್ಟ ಕ್ಷಣಕ್ಕೆ "ಈಗ!" ಎಂದಳು. ಒಂದು ಹೆಜ್ಜೆ. ಮತ್ತೊಮ್ಮೆ "ಈಗ!" ಎಂದಳು. ಗೆದ್ದೇಬಿಟ್ಟೆವು. ಎರಡನೆಯದರಲ್ಲಿ ಕಾಲು ಜಾರಿ ಸೋತೆವು. ಮೂರನೆಯದು ನಾಲ್ಕು ನಿಮಿಷ ನಡೆಯಿತು. ಏಳು ಜೊತೆ ಹಿಮ್ಮಡಿ ನೆಲದೊಳಗೆ ಹೂತುಹೋಗಿದ್ದವು, ಮೂಟೆ ತಾತ ತನ್ನ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಕಚ್ಚುತ್ತಿದ್ದ. ಕೊನೆಗೆ ಒಂದು ಗೇಣಿನಲ್ಲಿ ಸೋತೆವು. ಹಗ್ಗ ಕೈಬಿಟ್ಟವರಲ್ಲಿ ಗೂಟವೇ ಕಡೆಯವಳು.

ದೊಡ್ಡ ಮೇಡಂ ಓಡಿಬಂದರು. ಅವರ ಕಣ್ಣೂ ಒದ್ದೆಯಾಗಿತ್ತು, ಸುಳ್ಳು ಹೇಳಲಾರೆ. ಆದರೆ ನಾಲಿಗೆ ಸುಮ್ಮನಿರಬೇಕಲ್ಲ.

"ನೋಡಮ್ಮಾ, ಬರೀ ಒಂದು ಗೇಣು. ಮುಂದಿನ ವರ್ಷದೊಳಗೆ ನೀನು ಮೂರೇ ಮೂರು ಕೆಜಿ ಇಳಿಸಿದ್ರೆ ಎಂಟು ಜನಾನೂ ಎಳೀಬಹುದು."

ನಾನು ಬಾಯಿ ತೆರೆಯುವಷ್ಟರಲ್ಲಿ ಗೂಟ ಎದ್ದು ನಿಂತಳು. ಅಂಗೈಯ ಚರ್ಮ ಕಿತ್ತುಬಂದಿತ್ತು.

"ಇಳಿಯಲ್ಲ ಮೇಡಂ. ಜಾಸ್ತಿನೇ ಆಗ್ತೀನಿ. ನಾನಿನ್ನೂ ಬೆಳೀತಿದ್ದೀನಿ."

ಯಾರಾದರೂ ನಗುತ್ತಾರೇನೋ ಎಂದು ಮೇಡಂ ಉಳಿದವರ ಮುಖ ನೋಡಿದರು. ಯಾರೂ ನಗಲಿಲ್ಲ.

"ಸರಿ ಬಿಡು," ಅಂದಳು ಸೂಜಿ. "ಮುಂದಿನ ವರ್ಷ ಆರೇ ಜನ ಎಳೀತೀವಿ."